ಹನ್ನೆರಡನೆಯ ಚಿತ್ರ

ಪಿ.ಬಿ. ರಸ್ತೆಯ ಟೈರ್ ಅಂಗಡಿಯ ಮೇಲೆ
ಸುಬೇದಾರ್ ಹಾಲಪ್ಪನವರ ತರಗತಿ.
ಗೋಡೆಗೊಂದು ಗಡಿಯಾರ, ಮೇಜಿಗೊಂದು ಗಂಟೆ,
ಕೆಳಗಿನಿಂದ ಏರಿ ಬರುವ ಸುಟ್ಟ ರಬ್ಬರಿನ ವಾಸನೆ.
"ಪದ ಕಂಡ ಕೂಡಲೇ ವಾಕ್ಯ. ಯೋಚಿಸಿದಿರೋ, ಕೆಟ್ಟಿರಿ."
ಸಾವು ಎಂದರೆ ಕರ್ತವ್ಯ ಅಂತ ಬರೀರಿ,
ಸೋಲು ಎಂದರೆ ಪಾಠ,
ಕತ್ತಲೆ ಎಂದರೆ ದೀಪ ಹಚ್ಚುವವನು.
ನಾವು ಒಂಬತ್ತು ಜನ
ಮಗ್ಗಿ ಒಪ್ಪಿಸಿದ ಹಾಗೆ ಧೈರ್ಯ ಒಪ್ಪಿಸುತ್ತಿದ್ದೆವು.

ಜಬೀವುಲ್ಲಾ ಮಾತ್ರ ತಡವಾಗಿ ಬರುತ್ತಿದ್ದ,
ಹುಬ್ಬಿನಲ್ಲಿ ಮಸಿ, ಅಂಗಿಯಲ್ಲಿ ಹೊಟ್ಟಿನ ಧೂಳು.
ಮಂಡಕ್ಕಿ ಭಟ್ಟಿಯ ರಾತ್ರಿ ಪಾಳಿ ಮುಗಿಸಿ
ಕಣ್ಣು ತೆರೆದೇ ನಿದ್ದೆ ಮಾಡುತ್ತಿದ್ದ.
"ಬೆಂಕಿ?" ಅಂದರು ಹಾಲಪ್ಪ.
"ಅಬ್ಬಾಗೆ ರೆಪ್ಪೆಗೂದಲಿಲ್ಲ ಸಾರ್," ಅಂದ.
ಎಲ್ಲರೂ ನಕ್ಕೆವು. ಹಾಲಪ್ಪ ನಗಲಿಲ್ಲ.
ತಪ್ಪು ಅಂತಲೂ ಅನ್ನಲಿಲ್ಲ.

ಆಮೇಲೆ ಆ ದೊಡ್ಡ ಹಾಲ್.
ಎದೆಯ ಮೇಲಿನ ಬಟ್ಟೆಯ ತುಂಡಿನಲ್ಲಿ ಹದಿನೇಳು;
ಕರಿಬಸಪ್ಪ ಎಂಬುದನ್ನು ಗೇಟಿನಲ್ಲೇ
ಚಪ್ಪಲಿ ಬಿಟ್ಟ ಹಾಗೆ ಬಿಟ್ಟಿದ್ದೆ.
ಅರವತ್ತು ಪದ, ಒಂದೊಂದಕ್ಕೆ ಹದಿನೈದು ಸೆಕೆಂಡು,
ಬರುವುದೆಲ್ಲ ಇಂಗ್ಲಿಷಿನಲ್ಲಿ.
ನಾಲ್ಕು ಸೆಕೆಂಡು ಕನ್ನಡಕ್ಕೆ ಹೋಗಲು,
ನಾಲ್ಕು ವಾಪಸು ಬರಲು,
ಉಳಿದ ಏಳರಲ್ಲಿ ಧೈರ್ಯ.

ಪರದೆಗೆ 'ಮೈನ್' ಬಂತು.
ನನ್ನದು, ಅಂದುಕೊಂಡೆ.
ಏನು ನನ್ನದು? ಹುಡುಕುವಷ್ಟರಲ್ಲಿ
ಗಣಿ ಅಂತಲೂ ಆಗುತ್ತಲ್ಲ ಅನ್ನಿಸಿ
ಭೀಮಸಮುದ್ರದ ದಾರಿಯಲ್ಲಿ ಮಾವ ಓಡಿಸುತ್ತಿದ್ದ ಲಾರಿ,
ಕೆಮ್ಮಿದರೆ ಕರವಸ್ತ್ರದಲ್ಲಿ ಕೆಮ್ಮಣ್ಣು.
ಆಗ ನೆನಪಾಯಿತು, ಇದು ಸೈನ್ಯ,
ಕಾಲಿಟ್ಟರೆ ಸಿಡಿಯುವುದಕ್ಕೂ ಅದೇ ಹೆಸರು.
ಗಂಟೆ ಹೊಡೆಯಿತು.
ಮೂರು ಮೈನುಗಳ ನಡುವೆ
ಒಂದು ಕಾಲೆತ್ತಿಕೊಂಡು
ಬಿಳಿ ಹಾಳೆಯ ಮೇಲೆ ನಿಂತೇ ಇದ್ದೆ.

ನಿನ್ನ ಬಗ್ಗೆ ತಾಯಿ ಏನನ್ನುತ್ತಾಳೆ, ಬರೆ.
ಹಿಂದಿನ ವಾರವೇ ಕೇಳಿದ್ದೆ ಅವ್ವನನ್ನು.
ರೊಟ್ಟಿ ತಟ್ಟುತ್ತಲೇ ಅಂದಿದ್ದಳು:
"ಏನ್ ಹೇಳ್ಲೋ ನಿನ್ ಬಗ್ಗಿ,
ಉಣ್ಣಾಗ ಮಾತಾಡಂಗಿಲ್ಲ, ಬೆಕ್ಕಿಗೊಂದು ತುತ್ತು ಇಡ್ತಿ."
ನಾನು ಬರೆದೆ:
ನನ್ನಲ್ಲಿ ನಾಯಕತ್ವದ ಗುಣವಿದೆ ಎನ್ನುತ್ತಾರೆ.

ಮಸುಕು ಮಸುಕಾದ ಹನ್ನೊಂದು ಚಿತ್ರ.
ಕಂಡವರನ್ನೆಲ್ಲ ನೀರಿನಿಂದ ಎತ್ತಿದೆ,
ಎರಡು ಊರಿಗೆ ಆಸ್ಪತ್ರೆ ಕಟ್ಟಿಸಿದೆ.
ಹನ್ನೆರಡನೆಯದು ಖಾಲಿ. ಬರೀ ಬೆಳಕು.
ನಿಮ್ಮದೇ ಕಥೆ ಬರೆಯಿರಿ, ಅಂದರು.
ಸುಣ್ಣ ಹೊಡೆದ ಗೋಡೆಯ ಹಾಗೆ
ಅದು ನನ್ನನ್ನು ನೋಡಿತು.
ನಾನೂ ನೋಡಿದೆ,
ನಾಲ್ಕು ನಿಮಿಷ.

ಐದನೆಯ ದಿನ ಎರಡೇ ನಂಬರು ಕರೆದರು.
ಇಪ್ಪತ್ತೆರಡು ಜಬೀವುಲ್ಲಾನದು.
ಇನ್ನೊಂದು ನನ್ನದಲ್ಲ.
ಯಾಕೆ ಅಂತ ಯಾರೂ ಹೇಳುವುದಿಲ್ಲ ಅಲ್ಲಿ.
ನನ್ನ ಹಾಳೆಗಳನ್ನು ಓದಿದವರ ಮುಖ ನಾನು ಕಂಡಿಲ್ಲ;
ನನ್ನನ್ನು ನನಗಿಂತ ಹೆಚ್ಚು ಬಲ್ಲ ಒಬ್ಬರು
ಈಗ ಎಲ್ಲೋ ನಿವೃತ್ತರಾಗಿ
ಕುಂಡದ ಗಿಡಕ್ಕೆ ನೀರು ಹಾಕುತ್ತಿರಬಹುದು.

ಮಾರುಕಟ್ಟೆಯಲ್ಲಿ ಮೆಕ್ಕೆಜೋಳ ನೋಡುವ ಕೆಲಸ ನನ್ನದು.
ಚೀಲಕ್ಕೆ ಕೊಳವೆ ಚುಚ್ಚಿ ಹಿಡಿ ಕಾಳು ತೆಗೆದು
ಯಂತ್ರಕ್ಕೆ ಸುರಿದರೆ ತೇವಾಂಶ ಹೇಳುತ್ತದೆ.
ಹದಿನಾಲ್ಕು ದಾಟಿದರೆ ಪಕ್ಕಕ್ಕೆ.
"ಇನ್ನೊಂದ್ ಸಲ ನೋಡ್ರಿ," ಅನ್ನುತ್ತಾರೆ.
ನೋಡುತ್ತೇನೆ.
ಬೇರೆ ಚೀಲದ ಹಿಡಿಯಾದರೂ ಸರಿ, ನೋಡುತ್ತೇನೆ.

ಮೊನ್ನೆ ರಜೆಗೆ ಬಂದಿದ್ದ, ಕಮಾಂಡೊ ಪಡೆಯಿಂದ.
ಬಲಗಡೆ ಹುಬ್ಬು ಅರ್ಧ ಇಲ್ಲ; ನಾನು ಕೇಳಲಿಲ್ಲ.
ಭಟ್ಟಿಯ ಮುಂದೆ ಕೂತೆವು.
ಕಾದ ಮರಳಿಗೆ ಅವನ ತಮ್ಮ ಅಕ್ಕಿ ಸುರಿಯುತ್ತಿದ್ದ,
ಉಸಿರು ಬಿಡುವಷ್ಟರಲ್ಲಿ ಅರಳಿ, ಜರಡಿಗೆ;
ಅರಳದೆ ಉಳಿದವು ಮರಳಿನ ಜೊತೆ ಕೆಳಗೆ.
"ಆ ಖಾಲಿ ಚಿತ್ರಕ್ಕೆ ಏನ್ ಬರ್ದಿದ್ದೆಲೇ?"
ತುಂಬಾ ಹೊತ್ತು ಬೆಂಕಿ ನೋಡಿದ.
"ಖಾಲಿ ಇತ್ತೇನಲೇ ಅದು?" ಅಂದ.

ಪೇಪರ್ ಪೊಟ್ಟಣ ಬಿಚ್ಚಿ ನಡುವೆ ಇಟ್ಟ.
ನಾನು ಮಿರ್ಚಿ ಕಚ್ಚಿದೆ.
ಉಣ್ಣುವಾಗ ನಾನು ಮಾತಾಡುವುದಿಲ್ಲ.