ಒಂಬತ್ತನೇ ಕಾಲಂ

ಮಡಿಕೇರಿಯ ತರಬೇತಿಯಲ್ಲಿ ಪರದೆಯ ಮೇಲೆ ಲೋಕ ಬಿಟ್ಟಿದ್ದರು,
ದೇಶಕ್ಕೊಂದು ಕಂಬ, ಕಂಬದೊಳಗೆ ಬಣ್ಣ.
ಒಂದೆಡೆ ಮಾತ್ರೆ, ಒಂದೆಡೆ ನಿರೋಧ್,
ಆಫ್ರಿಕಾದ ಕಡೆ ಸೂಜಿಯ ಹಸಿರು ಏರುತ್ತಿದೆ ಎಂದರು ಡಾಕ್ಟರು.
ನಮ್ಮದು ಬಂತು. ಬಹುಪಾಲು ಕೆಂಪು:
ಹೆಂಗಸರ ಆಪರೇಷನ್.
ಗಂಡಸರದು ಎಲ್ಲಿ ಸಾರ್, ಕೇಳಿದಳು ಪಕ್ಕದ ತಂಗಮ್ಮ.
ಡಾಕ್ಟರು ಎದ್ದು ಹೋಗಿ ಬೆರಳಿಟ್ಟು ತೋರಿಸಿದರು.
ಬೆರಳ ಕೆಳಗೆ ಅದು ಮುಚ್ಚಿಹೋಯಿತು.

ಊಟಕ್ಕೆ ಬಿಟ್ಟರು. ಸಾರು ಉಪ್ಪಾಗಿತ್ತು.

ಸಿದ್ದಾಪುರದ ನನ್ನ ಸಬ್‌ಸೆಂಟರಿಗೆ ಕಂಬಗಳಿಲ್ಲ,
ಲೈನ್‌ಮನೆಗಳಿವೆ; ಮೂರು ಎಸ್ಟೇಟು, ಒಂದು ಹಾಡಿ.
ಮೂರು ತಿಂಗಳಿಗೊಮ್ಮೆ ಸೂಜಿ ಎಂದೆ.
ಹಾಡಿಯ ಚೋಮಿಯೇ ನನಗೆ ಬಿಡಿಸಿ ಹೇಳಿದಳು:
ಹೂಮಳೆಗೊಂದು, ಗಾಳಿಮಳೆ ಹಿಡಿದಾಗೊಂದು,
ಕೈಲುಮುಹೂರ್ತಕ್ಕೊಂದು,
ಪುತ್ತರಿ ಕಳೆದು ಹಣ್ಣು ಕೊಯ್ಯುವಾಗೊಂದು.
ಆಮೇಲೆ ಎಲ್ಲರಿಗೂ ನಾನು ಹಾಗೇ ಹೇಳುವುದು.
ಅಸ್ಸಾಮಿನಿಂದ ಬಂದ ಜಮೀಲಾಗೆ ಪುತ್ತರಿ ಗೊತ್ತಿಲ್ಲ;
ಅವಳು ವಾರದ ಮಾತ್ರೆಯವಳು,
ಸಂತೆಯ ದಿನ ನುಂಗುತ್ತಾಳೆ, ಈರುಳ್ಳಿ ಆರಿಸಿದ ಕೈಯಲ್ಲೇ.

ಇಬ್ಬರೂ ಹೇಳಿದ್ದು ಒಂದೇ, ಬೇರೆ ಬೇರೆ ಭಾಷೆಯಲ್ಲಿ:
ಕಾರ್ಡು ನಿಮ್ಮ ಹತ್ತಿರವೇ ಇರಲಿ, ಸಿಸ್ಟರ್.
ಎಡಗಡೆ ಡ್ರಾಯರಿನಲ್ಲಿ, ಹತ್ತಿಯ ಸುರುಳಿಯ ಕೆಳಗೆ,
ಹತ್ತೊಂಬತ್ತು ಕಾರ್ಡು.
ನನ್ನ ಗಂಡನೂ ಒಮ್ಮೆ ಕೇಳಿದ್ದ ಆ ಬೀಗ ಯಾಕೆಂದು.
ಸರ್ಕಾರದ್ದು, ಅಂದೆ.

ಒಂಬತ್ತನೇ ಕಾಲಂ ಗಂಡಸರ ಆಪರೇಷನ್.
ಹನ್ನೊಂದು ವರ್ಷ ಸೊನ್ನೆ ಬರೆದೂ ಬರೆದೂ
ನೋಡದೆಯೇ ದುಂಡಗೆ ಬೀಳುತ್ತದೆ ಈಗ.

ಮೊನ್ನೆ ಜನವರಿಯಲ್ಲಿ, ಬಾಗಿಲು ಹಾಕುವ ಹೊತ್ತಿಗೆ
ಪಲ್ಪರ್ ಮನೆಯ ಪೊನ್ನುಸ್ವಾಮಿ ಬಂದ.
ಟೋಪಿ ತೆಗೆದ. ಹಾಕಿದ.
ಅವಳ ಎದೆಯಲ್ಲಿ ತೂತುಂಟು, ಕೊಯ್ಯಿಸುವುದು ಬೇಡ ಅಂದಿದ್ದಾರೆ,
ಹೊಲಿಗೆಯಿಲ್ಲದ್ದು ಒಂದು ಉಂಟಂತಲ್ಲ, ನನಗೇ ಮಾಡಿಸಿ.
ಗೋಡೆಯ ಪೋಸ್ಟರಿಗೆ ಹೇಳಿದ ಹಾಗೆ ಹೇಳಿದ.

ತಿಂಗಳ ಕೊನೆಗೆ ವಿರಾಜಪೇಟೆಯಿಂದ
ಕಂಪ್ಯೂಟರಿನ ಹುಡುಗನ ಫೋನು:
ಸಿಸ್ಟರ್, ಒಂಬತ್ತರಲ್ಲಿ ಒಂದು ಅಂತಿದೆ, ಕೈತಪ್ಪಾ?
ಅಲ್ಲಪ್ಪ. ಹಾಗೇ ಒತ್ತು.

ಪೊನ್ನುಸ್ವಾಮಿ ವಾರವಿಡೀ ಚೀಲ ಎತ್ತಲಿಲ್ಲ.
ರೈಟರು ಕೇಳಿದ್ದಕ್ಕೆ ಸೊಂಟ ಉಳುಕಿದೆ ಅಂದನಂತೆ.
ಆಮೇಲೆ ಆಸ್ಪತ್ರೆಯ ಚೀಟಿ ಹಿಡಿದು ಬಂದ,
ಮಡಿಚಿ ಮಡಿಚಿ ಬೆಂಕಿಪೊಟ್ಟಣದಷ್ಟಾಗಿತ್ತು ಅದು.
ಅವನು ಬಾಯಿ ತೆರೆಯುವ ಮೊದಲೇ
ಎಡಗಡೆ ಡ್ರಾಯರು ಎಳೆದೆ.