ಒಂಬತ್ತನೇ ಬಿ, ಕೊನೆಯ ಹಾಳೆ

ಕಾಪಿ ತಿದ್ದುವಾಗ ಸಿಕ್ಕಿತು:
ನಾಜ್ನೀನಳ ನೋಟ್ಸಿನ ಕೊನೆಯ ಹಾಳೆಯಲ್ಲಿ
ಸೊನ್ನೆ, ಗೀಟು, ಗೀಟಿಗೆ ಅಡ್ಡ ಗೀಟು,
ಬೆಂಕಿಪೊಟ್ಟಣ ಸುರಿದು ಯಾರೋ
ಕಡ್ಡಿಗಳನ್ನು ಮನೆಮನೆ ಕಟ್ಟಿಟ್ಟ ಹಾಗೆ.
ಕೆಳಗೆ ಕನ್ನಡ, ಅವಳದೇ ಓರೆ ಅಕ್ಷರ:
‘ನನ್ನ ನೆರಲಿಗೆ ಒಂದು ಕುರ್ಚಿ ಹಾಕಿದೆ.
ಪಾಪ, ಅದಕ್ಕೂ ಕಾಲು ನೋವಿತ್ತು.’

ನೆರಲು ಅಲ್ಲ, ನೆರಳು.
ಕೆಂಪು ಇಂಕಿನಲ್ಲಿ ಸುತ್ತು ಹಾಕಿದೆ.
ಆಮೇಲೆ ಪೆನ್ನು ಮುಚ್ಚಿ
ಇನ್ನೊಂದು ಸಲ ಓದಿದೆ.

ಯಾರು ಬರೆದದ್ದಮ್ಮಾ?
‘ನಮ್ಮ ಲೀಡರ್, ಮಿಸ್.’
ಶಿಡ್ಲಘಟ್ಟದಲ್ಲಿ ಲೀಡರ್ ಎಂದರೆ
ಬಸ್‌ಸ್ಟ್ಯಾಂಡಿನ ಫ್ಲೆಕ್ಸಿನಲ್ಲಿ ಕೈ ಮುಗಿದವರು;
ನಾನು ಆ ಕಡೆಗೇ ಹೊರಟಿದ್ದೆ.
ಕೊರಿಯಾದ ಹುಡುಗನಂತೆ, ಆರು ಜನರ ತಂಡವಂತೆ,
ಪದ ಕಟ್ಟುವವನು ಇವನೇ ಅಂತೆ.
ಹೆಸರು ಎರಡು ಸಲ ಹೇಳಿದಳು,
ನನ್ನ ನಾಲಿಗೆಗೆ ಹತ್ತಲಿಲ್ಲ.

ಸ್ಟಾಫ್‌ರೂಮಿನಲ್ಲಿ ನನ್ನ ಫೋನಿನಲ್ಲೇ ನೋಡಿದೆವು.
ಬೂದುಗುಂಬಳದ ಬಣ್ಣದ ಕೂದಲು, ಕಿವಿಗೆ ಓಲೆ, ತುಟಿಗೆ ರಂಗು.
‘ಗಂಡೋ ಹೆಣ್ಣೋ?’ ಇಣುಕಿದರು ವಿಜ್ಞಾನದ ತಿಪ್ಪೇಶಪ್ಪ.
ಕೇಳಿಕೆಯಲ್ಲಿ ನಿಮ್ಮ ಸೋದರಮಾವ ದ್ರೌಪದಿ ಕಟ್ಟುತ್ತಿದ್ದರಲ್ಲ ಸಾರ್,
ಆಗ ಕೇಳಿದ್ದಿರಾ?
ಅವರು ಡಸ್ಟರ್ ಹುಡುಕುತ್ತ ಹೋದರು.

ನಡುವೆ ನಿಂತವನು ಅವನಲ್ಲ, ಎಡಕ್ಕೆ, ಕೊನೆಯಲ್ಲಿ.
ಪದ್ಯದ ಅರ್ಧದಲ್ಲಿ ಕಿರಿಯವನ ಗಂಟಲು ಒಡೆಯಿತು.
ಇವನು ತಿರುಗಿಯೂ ನೋಡಲಿಲ್ಲ, ಹೆಜ್ಜೆಯೂ ತಪ್ಪಲಿಲ್ಲ,
ಉಳಿದ ಸಾಲನ್ನು ಪಕ್ಕದಿಂದಲೇ ಎಸೆದ,
ಮಾತು ಅವನದೇ ಎಂಬ ಹಾಗೆ, ಸದ್ದಿಲ್ಲದೆ.

‘ಎಳೆ ತುಂಡಾದರೆ ಅಮ್ಮಿ
ಬಾಣಲೆಯಿಂದ ಇನ್ನೊಂದು ಎಳೆ ಎಸೀತಾರಲ್ಲ ಮಿಸ್,
ಚಕ್ರ ನಿಲ್ಲಿಸದೆ? ಹಾಗೆ.’

ಆಗ ನೋಡಿದೆ ಅವಳ ಬೆರಳು.
ಬಿಸಿನೀರಲ್ಲಿ ನೆಂದು ನೆಂದು
ಅಜ್ಜಿಯೊಬ್ಬಳಿಂದ ಎರವಲು ತಂದಂಥ ಬೆರಳು.
ಬೆಳಿಗ್ಗೆ ಆರಕ್ಕೆ ರೀಲಿಂಗು, ಒಂಬತ್ತೂವರೆಗೆ ಪ್ರಾರ್ಥನೆ;
ಬೆಂದ ಹುಳುವಿನ ವಾಸನೆ ಅವಳಿಗಿಂತ ಮುಂಚೆ
ಹಾಜರಿ ಹೇಳುತ್ತಿತ್ತು.
ಬೆಂಚಿನಲ್ಲಿ ಅವಳ ಪಕ್ಕ ಅವಳ ಬ್ಯಾಗೇ ಕೂರುತ್ತಿತ್ತು.
ನಾನೂ ಕಿಟಕಿ ತೆಗೆಸುತ್ತಿದ್ದೆ.
ಸೆಕೆ ಎನ್ನುತ್ತಿದ್ದೆ, ಡಿಸೆಂಬರಿನಲ್ಲಿ.

ಎಲ್ಲೋ, ಯಾವುದೋ ಸಂದರ್ಶನದಲ್ಲಿ
ಅವನು ಸುಮ್ಮನೆ ಹೇಳಿದ್ದು ಇಷ್ಟು:
ನಮ್ಮಜ್ಜಿ ಬೀದಿಯಲ್ಲಿ ಕೂತು
ರೇಷ್ಮೆಹುಳು ಬೇಯಿಸಿ ಮಾರುತ್ತಿದ್ದಳು, ಕಾಗದದ ಪೊಟ್ಟಣದಲ್ಲಿ.
ನಾನು ಬರೆದ ಮೊದಲ ಸಾಲು ಆ ಪೊಟ್ಟಣ ಬಿಚ್ಚಿ.
ಈಗಲೂ ಬರೆಯಲು ಕೂತರೆ
ಆ ವಾಸನೆ ಬರಬೇಕು.

ಮಾರನೇ ದಿನ ಮುಂದಿನ ಬೆಂಚಿನ ಪೂರ್ವಿಕಾ,
ನಿನ್ನೆಯವರೆಗೆ ದುಪಟ್ಟಾ ಮೂಗಿಗೆ ಹಿಡಿದವಳು,
ಬ್ಯಾಗು ಎತ್ತಿಟ್ಟು ಕೂತಳು:
‘ನಿಮ್ಮನೇಲಿ ಸಿಗುತ್ತೇನೇ?’
ನಾಜ್ನೀನ್ ಡಬ್ಬಿ ತಂದಳು. ಉಪ್ಪು, ಖಾರ, ಒಂದೆಲೆ ಕರಿಬೇವು.
ಮೂವರು ತಿಂದರು, ಒಬ್ಬಳು ನಲ್ಲಿಯ ಹತ್ತಿರ ಓಡಿದಳು,
ಇನ್ನಿಬ್ಬರು ಈಗಲೂ ಮೂಗು ಮುಚ್ಚುತ್ತಾರೆ.
ನನ್ನ ಮುಂದೆಯೂ ಹಿಡಿದಳು.
ತಿನ್ನಲಿಲ್ಲ ನಾನು. ಸುಳ್ಳು ಯಾಕೆ.
ಕಿಟಕಿ ಮಾತ್ರ, ಅದು ಹೇಗಿತ್ತೋ ಹಾಗಿರಲಿ ಎಂದು ಬಿಟ್ಟೆ.

ಆ ಹುಡುಗನಿಗೆ ನಮ್ಮ ಗೂಡಿನ ಮಾರುಕಟ್ಟೆ ಗೊತ್ತಿಲ್ಲ,
ಹರಾಜಿನ ಕೂಗು ಗೊತ್ತಿಲ್ಲ,
ಅವನ ಸಾಲೊಂದು ಇಲ್ಲಿ ಕಾಗುಣಿತ ತಪ್ಪಿ
ಕೆಂಪು ಸುತ್ತಿನೊಳಗೆ ಕೂತಿರುವುದೂ.

‘ಅವರ ಭಾಷೇಲಿ ರ, ಲ, ಳ ಮೂರಕ್ಕೂ ಒಂದೇ ಅಕ್ಷರ ಮಿಸ್.’
ಅಯ್ಯೋ, ಇಪ್ಪತ್ತು ವರ್ಷ ಎಷ್ಟು ಇಂಕು ಸುರಿದೆನಲ್ಲೇ!
ನಕ್ಕಳು. ಬೋರ್ಡಿನ ಮೂಲೆಯಲ್ಲಿ ನನ್ನ ಹೆಸರು ಬರೆದಳು,
ಸರಳಾ: ರಾ, ಳಾ ಎರಡೂ ಒಂದೇ ವೇಷದಲ್ಲಿ.
ಆಮೇಲೆ ಅಂಗೈಯಿಂದ ಬಾಲ ಅಳಿಸಿ
ಉಳಿದದ್ದರ ಬುಡಕ್ಕೆ ಪುಟ್ಟ ಚೌಕ ಇಟ್ಟಳು.

‘ಈಗ ಓದಿ ಮಿಸ್. ಈಗ ಇದು
ಮನುಷ್ಯ ಅಂತ.’

ಗಂಟೆ ಹೊಡೆಯಿತು. ತಿಪ್ಪೇಶಪ್ಪ ಡಸ್ಟರ್ ಹಿಡಿದು ಬಂದರು.
ಸಾರ್, ಆ ಮೂಲೆ ಒಂದು ಬಿಟ್ಟು ಅಳಿಸಿ, ಎಂದೆ.