ಇಪ್ಪತ್ತೆರಡು ಮಿಲಿಮೀಟರ್

ದುರ್ಗಿಗುಡಿಯ ಲ್ಯಾಬಿನಲ್ಲಿ ಬೆಳಗ್ಗೆ ಏಳೂವರೆಗೆ
ತಟ್ಟೆಯ ಮುಚ್ಚಳ ತೆಗೆದರೆ ಹುಳಿಹಿಟ್ಟಿನ ವಾಸನೆ.
ಔಷಧಿಯ ಆರು ಬಿಲ್ಲೆ; ಒಂದೊಂದರ ಸುತ್ತಲೂ
ಸಾರಿಸಿದ ಕಣದಂತೆ ಬಯಲಿರಬೇಕು.
ನಾನು ಸೇರಿದ ವರ್ಷ ಇರುತ್ತಿತ್ತು,
ಸ್ಕೇಲಿಟ್ಟರೆ ಇಪ್ಪತ್ತೆರಡು, ಇಪ್ಪತ್ನಾಲ್ಕು.
ಇವತ್ತು ಕಳೆ ಬಿಲ್ಲೆಯ ಬುಡಕ್ಕೇ ಬಂದು ಕೂತಿದೆ.

ಜಸಿಂತಾ ಲೋಬೋ, ಭದ್ರಾವತಿ. ಉರಿಮೂತ್ರ, ಮೂರನೇ ಸಲ.
ಬಗ್ಗದು, ಬಗ್ಗದು, ಬಗ್ಗದು ಎಂದು ಗುರುತು ಹಾಕುತ್ತಾ
ಕೊನೆಯ ಬಿಲ್ಲೆಗೆ ಮಾತ್ರ
ಬಗ್ಗೀತು ಎಂದು ಬರೆದೆ.
ಫೋನಿನಲ್ಲಿ ಡಾಕ್ಟರ ಉಸಿರು:
"ಅದೊಂದನ್ನ ಮುಟ್ಟದೆ ಇಟ್ಕೊಂಡಿದ್ದೆ ಕಣಮ್ಮ."

ರಾತ್ರಿ ಗುಂಡಿ ಹೊಲಿಯಲೆಂದು ಡಬ್ಬಿ ತೆರೆದರೆ
ಸೂಜಿ ದಾರಗಳ ನಡುವೆ ನಾಲ್ಕು ಕ್ಯಾಪ್ಸೂಲು,
ಹೋದ ಮಾಗಿಯಲ್ಲಿ ನನಗೇ ಬರೆದುಕೊಟ್ಟದ್ದು.
ಮೂರನೇ ದಿನಕ್ಕೇ ಹುಷಾರಾಗಿದ್ದೆನಲ್ಲ.

ಬಚ್ಚಲಿಗೆ ಸುರಿಯಲು ಎದ್ದವಳು ಅಲ್ಲೇ ನಿಂತೆ:
ಈ ನೀರು ಹೋಗುವುದು ತುಂಗೆಗೆ.
ಅಂಗೈಯಲ್ಲಿ ನಾಲ್ಕೂ ಬೆಚ್ಚಗಾಗುತ್ತಿವೆ.